ಹಳೆ ಖಾತೆ ಬಿಟ್ಟು ಮ್ಯಾಸ್ಟೋಡಾನ್‌ಗೆ ಹೋದವರು ಅನುಭವ ಹೇಳಿ

ಲಕ್ಕುಂಡಿ ದಾರಿ, ಗದಗ:
2011ರಿಂದ ಒಂದೇ ಕಡೆ ಬರೆಯುತ್ತಿದ್ದೇನೆ. ಲಕ್ಕುಂಡಿಯ ಮುಸುಕಿನ ಬಾವಿ, ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಸುತ್ತಲಿನ ಶಾಸನಗಳ ಫೋಟೊ ಹಾಕಿ ನಾಲ್ಕು ಸಾಲು ಬರೆಯುವುದು ನನ್ನ ಅಭ್ಯಾಸ. ಈಗೀಗ ನನ್ನನ್ನು ಫಾಲೋ ಮಾಡುವವರಿಗೇ ನನ್ನ ಪೋಸ್ಟ್ ಕಾಣುತ್ತಿಲ್ಲ. ಮ್ಯಾಸ್ಟೋಡಾನ್‌ಗೆ ಹೋಗೋಣ ಅಂತಿದ್ದೇನೆ, ಅದೂ ಟ್ವಿಟರಿನಂಥದ್ದೇ, ಆದರೆ ಬೇರೆ ಬೇರೆಯವರು ತಮ್ಮ ತಮ್ಮ ಸರ್ವರಿನಲ್ಲಿ ನಡೆಸುವುದು. ಹಳೆ ಪೋಸ್ಟ್ ಒಯ್ಯಬಹುದಾ? ಯಾವ ಸರ್ವರ್ ಹಿಡಿಯಲಿ?

ಸಪ್ತಾಪುರ ಕಸೂತಿ, ಧಾರವಾಡ:
ಸರ್, ನಾನು ಹೋಗಿದ್ದೇನೆ, ಅಲ್ಲೇ ಇದ್ದೇನೆ. ಕೈಯಲ್ಲಿ ಕಸೂತಿ ಹಾಕಿ ಮಾರುವವಳು ನಾನು. ಹಳೆ ಕಡೆ ದೀಪಾವಳಿಗೆ ಮುಂಚೆ ಒಂದರ ಮೇಲೊಂದು ಆರ್ಡರ್ ಬರುತ್ತಿದ್ದವು. ಬಿಟ್ಟ ವರ್ಷ ಹಬ್ಬಕ್ಕೆ ಬಂದದ್ದು ಒಂದು ಸೀರೆ, ಒಂದು ಕುಂಚಿಗೆ. ಸೀರೆಗೆ 4,500, ಕುಂಚಿಗೆಗೆ 900. ದಾರದ ಅಂಗಡಿಯ ಬಾಕಿಯೇ 3,800 ಇತ್ತು. ಮನೆಯಲ್ಲಿ ಎಲ್ಲರ ಕೈಲೂ ಬೈಸಿಕೊಂಡೆ. ಆದರೂ ವಾಪಸ್ ಹೋಗಲಿಲ್ಲ, ಹೋಗುವುದೂ ಇಲ್ಲ.

ಅಲ್ಲಿ ಫೋಟೊ ಹಾಕಿದರೆ ಅದರಲ್ಲಿ ಏನಿದೆ ಅಂತ ವಿವರಣೆ ಬರೆಯಬೇಕು. ಕಣ್ಣು ಕಾಣದವರು ಅದನ್ನು ಫೋನಿನಿಂದ ಓದಿಸಿಕೊಳ್ಳುತ್ತಾರೆ. ಬರೆಯದಿದ್ದರೆ ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ. ನಾನು ಬರೆಯುವುದು ಹೀಗೆ: ‘ಚಂದ್ರಕಾಳಿ ಸೀರೆಯ ಸೆರಗು, ಕಪ್ಪು ನೆಲ. ಬಿಳಿ, ಕೆಂಪು ದಾರದಲ್ಲಿ ತೇರು. ತೇರಿನ ಎರಡೂ ಬದಿ ನವಿಲು. ಗೆರೆಯೆಲ್ಲ ಗವಂತಿ (ಹೋಗಿ ಬಂದು ಹಾಕುವ ಹೊಲಿಗೆ).’ ಅದನ್ನು ಪೂರ್ತಿ ಓದಿ ಬರುವ ಗಿರಾಕಿ ಚೌಕಾಸಿ ಮಾಡುವುದಿಲ್ಲ. ಎಷ್ಟು ದಿನ ಹಿಡಿಯುತ್ತೆ ಅಂತ ಮಾತ್ರ ಕೇಳುತ್ತಾರೆ. ಗಿರಾಕಿ ಕಡಿಮೆ, ಆದರೆ ನನ್ನ ಕೆಲಸಕ್ಕೆ ಸಲ್ಲಬೇಕಾದ ಬೆಲೆ ಸಿಗುತ್ತಿದೆ.

ಬ್ಯಾಡಗಿ ಕಡ್ಡಿ, ಹಾವೇರಿ ಜಿಲ್ಲೆ:
ಅಕ್ಕಾ, ನಿಮಗೆ ಸರಿಹೋಯಿತು. ಹಾಗಂತ ಲಕ್ಕುಂಡಿ ಮೇಷ್ಟ್ರನ್ನು ಎಳೆಯಬೇಡಿ. 2019ರ ನವೆಂಬರಿನಲ್ಲಿ ಟ್ವಿಟರ್ ಬಿಟ್ಟು ಬಹಳ ಜನ ಅತ್ತ ಹೊರಟಾಗ ನಾನೂ ಹೋದೆ. ಯಾರೋ ಪುಣ್ಯಾತ್ಮರು ನಡೆಸುತ್ತಿದ್ದ ಸಣ್ಣ ಸರ್ವರ್. ಚೆನ್ನಾಗಿದೆ ಅಂತ ಖಾರದ ಪುಡಿ ಪ್ಯಾಕೆಟ್ಟಿನ ಲೇಬಲ್ ಮೇಲೆ ಅದೇ ವಿಳಾಸ ಹಾಕಿಸಿದೆ. ಲೇಬಲ್ ಒಂದಕ್ಕೆ ಮೂರೂವರೆ ರೂಪಾಯಿ, 5,000 ಲೇಬಲ್, ಅಲ್ಲಿಗೆ 17,500. ಲೇಬಲ್ ಅಚ್ಚಿನ ಬ್ಲಾಕ್ ಮಾಡಿಸಿದ್ದು 1,200. ಹುಬ್ಬಳ್ಳಿಯಿಂದ ತರಿಸಿದ ಖರ್ಚು ಬೇರೆ. ಅರ್ಧ ಲೇಬಲ್ ಖರ್ಚಾಗುವಷ್ಟರಲ್ಲಿ ಸರ್ವರ್ ಬಂದ್. ಮುಂಚೆ ಒಂದು ಮಾತು ಹೇಳಲಿಲ್ಲ. ಫಾಲೋ ಮಾಡುವವರನ್ನು ಬೇರೆ ಸರ್ವರಿಗೆ ಕರೆದೊಯ್ಯಬೇಕು ಅಂದರೆ ಹಳೆ ಸರ್ವರ್ ಚಾಲೂ ಇರಬೇಕು, ಅಲ್ವಾ? ಅದೇ ಇಲ್ಲ. ಉಳಿದ ಲೇಬಲ್ ಮೇಲೆ ಬಿಳಿ ಚೀಟಿ ಅಂಟಿಸಲು ಹುಡುಗನಿಗೆ ಕೂಲಿ ಕೊಟ್ಟೆ. ಈಗ ಹಳೆ ಜಾಗದಲ್ಲೇ ಇದ್ದೇನೆ, ವ್ಯಾಪಾರ ನಡೆಯುತ್ತಿದೆ.

ವಿದ್ಯಾನಗರ ಪೆಟ್ಟಿಗೆ, ಹುಬ್ಬಳ್ಳಿ:
ಬ್ಯಾಡಗಿಯವರೇ, ಆ ಸರ್ವರಿಗೆ ಒಂದು ತಿಂಗಳಾದರೂ ಚಂದಾ ಕೊಟ್ಟಿದ್ದಿರಾ? ನಾನು ಸ್ವಂತ ಸರ್ವರ್ ನಡೆಸುತ್ತೇನೆ, ಖರ್ಚು ಕೇಳಿ. ಬಾಡಿಗೆ ತಿಂಗಳಿಗೆ 650ರಿಂದ ಶುರುವಾಗಿ ಈಗ 1,900. ಡೊಮೈನ್, ಅಂದರೆ ಸರ್ವರಿನ ವಿಳಾಸದ ಹೆಸರು, ವರ್ಷಕ್ಕೆ 1,100. ಬಾಡಿಗೆ ಸರ್ವರಿನಲ್ಲಿ ಮೇಲ್ ಹೊರಹೋಗುವ 25ನೇ ಪೋರ್ಟ್ ಮುಚ್ಚಿತ್ತು, ಹಾಗಾಗಿ ಖಾತೆ ತೆರೆದವರಿಗೆ ಮೇಲ್ ಕಳಿಸಲು ಬೇರೆ ಸೇವೆಗೆ ದುಡ್ಡು. ಜಾಗ ತುಂಬುವುದು ನಮ್ಮ ಫೋಟೊಗಳಿಂದಲ್ಲ. ನಾವು ಫಾಲೋ ಮಾಡುವ ಹೊರಗಿನವರ ಫೋಟೊಗಳ ನಕಲೂ ನಮ್ಮ ಡಿಸ್ಕಿಗೆ ಬಂದು ಕೂರುತ್ತೆ. ಹಳೆಯದನ್ನು ಅಳಿಸುತ್ತಾ ಇರದಿದ್ದರೆ ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲುತ್ತೆ. ನನ್ನದು ಗಣೇಶ ಚತುರ್ಥಿ ದಿನವೇ ನಿಂತಿತು. ಮನೆ ತುಂಬಾ ನೆಂಟರು, ನಾನು ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ. ಇಷ್ಟು ಮಾಡುವವರನ್ನು ಬೈಯುವ ಮುಂಚೆ ಯೋಚಿಸಬೇಕು.

ಬ್ಯಾಡಗಿ ಕಡ್ಡಿ:
ಚಂದಾ ಕೇಳಿದ್ದರೆ ಕೊಡುತ್ತಿದ್ದೆ, ಕೇಳಲೇ ಇಲ್ಲ. ನಿಲ್ಲಿಸುವಾಗ ಒಂದು ತಿಂಗಳು ಮುಂಚೆ ಹೇಳುವುದಕ್ಕೆ ಯಾವ ದುಡ್ಡು ಬೇಕ್ರೀ? ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ ಮುಚ್ಚುವವನೂ ಲೆಕ್ಕ ಚುಕ್ತಾ ಮಾಡಿ ಹೋಗುತ್ತಾನೆ.

ಮಾಳಮಡ್ಡಿ, ಧಾರವಾಡ:
ಇಷ್ಟೆಲ್ಲ ಒದ್ದಾಟ ಯಾಕೆ? ನಾನು ಅದೇ ಥರದ ಇನ್ನೊಂದು ಜಾಲತಾಣ ಬ್ಲೂಸ್ಕೈಗೆ ಹೋದೆ. 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ತೆರೆದಾಗಲೇ ಸೇರಿದೆ. ಸರ್ವರ್ ಯಾವುದು ಅಂತ ಯಾರೂ ತಲೆ ತಿನ್ನಲಿಲ್ಲ. ಸ್ವಂತ ಡೊಮೈನ್ ಇದ್ದರೆ ಅದನ್ನೇ ಹೆಸರಾಗಿ ಇಟ್ಟುಕೊಳ್ಳಬಹುದು.

ವಿದ್ಯಾನಗರ ಪೆಟ್ಟಿಗೆ:
ಅಲ್ಲಿ ಹೆಚ್ಚಿನವರ ಖಾತೆ ಇರುವುದು ಒಂದೇ ಕಂಪನಿಯ ಸರ್ವರುಗಳಲ್ಲಿ. ನಾಳೆ ಅವರೂ ಮನಸ್ಸು ಬದಲಾಯಿಸಿದರೆ? ಮ್ಯಾಸ್ಟೋಡಾನ್ ಬಳಸುವ ಆಕ್ಟಿವಿಟಿಪಬ್ ಅನ್ನು, ಅಂದರೆ ಸರ್ವರುಗಳು ಒಂದಕ್ಕೊಂದು ಮಾತಾಡುವ ನಿಯಮವನ್ನು, ವೆಬ್ ಮಾನದಂಡ ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರಲ್ಲೇ ಒಪ್ಪಿದೆ. ಒಬ್ಬ ಮಾಲೀಕನ ಕೈ ತಪ್ಪಿಸಿ ಇನ್ನೊಬ್ಬನ ಕೈಗೆ ಹೋಗುವುದಕ್ಕೆ ವಲಸೆ ಯಾಕೆ ಬೇಕು?

ಮಾಳಮಡ್ಡಿ:
ನಿಮ್ಮ ಸರ್ವರಿಗೂ ಮಾಲೀಕ ನೀವೊಬ್ಬರೇ ಅಲ್ವಾ? ಬೇಕು ಅಂದರೆ ಅಲ್ಲಿನವರ ಖಾಸಗಿ ಸಂದೇಶವನ್ನೂ ನೀವು ತೆಗೆದು ನೋಡಬಹುದು.

ವಿದ್ಯಾನಗರ ಪೆಟ್ಟಿಗೆ:
ನೋಡಬಹುದು, ನೋಡಿಲ್ಲ. ಅಲ್ಲಿ ಗುಟ್ಟಿನ ಮಾತು ಬರೆಯಬೇಡಿ ಅಂತ ಸೇರುವವರಿಗೆಲ್ಲ ಮೊದಲೇ ಹೇಳುತ್ತೇನೆ. ಮೇಷ್ಟ್ರೇ, ಹಳೆ ಪೋಸ್ಟ್ ಬರುವುದಿಲ್ಲ. ಮ್ಯಾಸ್ಟೋಡಾನ್‌ನ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋದರೂ ಪೋಸ್ಟ್ ಅಲ್ಲೇ ಉಳಿಯುತ್ತೆ, ಜನ ಮಾತ್ರ ಬರುತ್ತಾರೆ. ನಿಮ್ಮದನ್ನೆಲ್ಲ ಡೌನ್‌ಲೋಡ್ ಮಾಡಿ ಇಟ್ಟುಕೊಂಡು, ಒಳ್ಳೆಯ ಫೋಟೊಗಳನ್ನು ಕೈಯಾರೆ ಮತ್ತೆ ಹಾಕಿ. ಸರ್ವರ್ ಹಿಡಿಯುವ ಮುಂಚೆ ಖರ್ಚು ಯಾರು ಕೊಡುತ್ತಾರೆ, ಬ್ಯಾಕಪ್ ಇದೆಯಾ ಅಂತ ನಡೆಸುವವರನ್ನೇ ಕೇಳಿ.

ಹಳೇ ಹುಬ್ಬಳ್ಳಿ:
ಸಪ್ತಾಪುರದ ಅಕ್ಕಾರೆ, ನಿಮ್ಮ ಆ ಸೆರಗಿನ ಫೋಟೊ ನೋಡಿದೆ. ತೇರಿನ ಮೆಟ್ಟಿಲು ಮೆಟ್ಟಿಲು ಗೆರೆ ಮುರಗಿ ಹೊಲಿಗೆ, ಗವಂತಿ ಅಲ್ಲ. ಕಣ್ಣು ಕಾಣದವರಿಗೆ ಅಂತ ಬರೆಯುವಾಗ ಸರಿಯಾಗಿ ಬರೆಯಬೇಕಲ್ವಾ?

ಸಪ್ತಾಪುರ ಕಸೂತಿ:
ಆ ತೇರಿನಲ್ಲಿ ಮೆಟ್ಟಿಲೇ ಇಲ್ಲ ರೀ. ಮೆಟ್ಟಿಲಿರುವುದು ಗೋಪುರದ ಸೆರಗಿನಲ್ಲಿ, ಅದು ಬೇರೆ ಫೋಟೊ, ಅದಕ್ಕೆ ಮುರಗಿ ಅಂತಲೇ ಬರೆದಿದ್ದೇನೆ. ನಮ್ಮ ಅವ್ವನ ಕೈಯಲ್ಲಿ ಕಲಿತವಳು ನಾನು. ಎರಡೂ ಫೋಟೊ ದೊಡ್ಡದು ಮಾಡಿ ಇನ್ನೊಮ್ಮೆ ನೋಡಿ, ಆಮೇಲೆ ಮಾತಾಡಿ.