ಸಹಾಯ ಬೇಕು: ಲ್ಯಾಬ್‌ನ ಹಳೇ ಕಂಪ್ಯೂಟರ್‌ಗಳಲ್ಲಿ ಯೂಸರ್ ಪ್ರೊಫೈಲ್ ರಿಸೆಟ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಕಡೆಯ ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುತ್ತೇನೆ. ಇಲ್ಲಿರುವುದೆಲ್ಲ ವಿಂಡೋಸ್ 7. ಅದಕ್ಕೆ ಮೈಕ್ರೋಸಾಫ್ಟ್ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ಗೊತ್ತು. ಹೊಸದು ಬರುವ ತನಕ ಮಕ್ಕಳು ಇವುಗಳಲ್ಲೇ ಕಲಿಯಬೇಕು.

ಎಲ್ಲಾ ಕಂಪ್ಯೂಟರ್‌ಗಳೂ ಒಂದೇ ಡೊಮೈನ್‌ನಲ್ಲಿವೆ (ಲಾಗಿನ್‌ಗಳನ್ನೆಲ್ಲ ಒಂದು ಸರ್ವರ್ ನೋಡಿಕೊಳ್ಳುತ್ತದೆ), ರೋಮಿಂಗ್ ಪ್ರೊಫೈಲ್ ಇದೆ, ಅಂದರೆ ಯಾವ ಕಂಪ್ಯೂಟರ್‌ನಲ್ಲಿ ಕೂತರೂ ಅವರವರ ಫೈಲ್, ಸೆಟ್ಟಿಂಗ್ ಸರ್ವರ್‌ನಿಂದ ಬರುತ್ತವೆ. ಈಗ ಕೆಲವರು ಲಾಗಿನ್ ಆದರೆ ಟೆಂಪರರಿ ಪ್ರೊಫೈಲ್ ಎಂಬ ಸಂದೇಶ ಬರುತ್ತದೆ. ಲಾಗ್ ಆಫ್ ಆದ ಕೂಡಲೇ ಡೆಸ್ಕ್‌ಟಾಪ್‌ನಲ್ಲಿ ಇಟ್ಟಿದ್ದೆಲ್ಲ ಹೋಗುತ್ತದೆ. ನುಡಿಯಲ್ಲಿ ಟೈಪ್ ಮಾಡಿದ ಪ್ರಾಜೆಕ್ಟ್ ಕಳೆದುಕೊಂಡು ಒಬ್ಬ ಹುಡುಗಿ ಅಳುತ್ತಾ ಬಂದಳು. ತುಂಬಾ ಬೇಜಾರಾಯಿತು.

ರಿಜಿಸ್ಟ್ರಿಯ (ವಿಂಡೋಸ್ ಸೆಟ್ಟಿಂಗ್‌ಗಳ ಡೇಟಾಬೇಸ್) ಪ್ರೊಫೈಲ್‌ಲಿಸ್ಟ್ ತೆಗೆದು ನೋಡಿದೆ. ಒಂದೇ ಎಸ್‌ಐಡಿ (ಯೂಸರ್‌ನ ಗುರುತು ಸಂಖ್ಯೆ) ಎರಡು ಸಲ ಇದೆ, ಒಂದರ ಕೊನೆಗೆ ‘.ಬಿಎಕೆ’ ಅಂತಿದೆ. ಸುಮ್ನೆ ಯೂಸರ್ಸ್ ಫೋಲ್ಡರ್ ಅಳಿಸಿದರೆ ಈ ನಮೂದು ಉಳಿದು ತೊಂದರೆ ಜಾಸ್ತಿಯಾಗುತ್ತದೆ, ಅಲ್ವಾ? ಅದಕ್ಕೇ ಸಿಸ್ಟಮ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬ್‌ನಿಂದಲೇ ಆ ಕಂಪ್ಯೂಟರ್‌ನಲ್ಲಿದ್ದ ಪ್ರೊಫೈಲ್‌ನ ಲೋಕಲ್ ಕಾಪಿ ಅಳಿಸಿದೆ. ಕೆಲವರದು ಸರಿಹೋಯಿತು. ಉಳಿದವರಿಗೆ ಸರ್ವರ್‌ನಲ್ಲಿರುವ ಕಾಪಿಯೇ ಕೆಟ್ಟಿದೆ ಅನ್ನಿಸುತ್ತದೆ, ಅದೇ ತಿರುಗಿ ಬರುತ್ತಿದೆ.

ಸರ್ವರ್‌ನಲ್ಲಿ ಅವರ ‘.ವಿ2’ ಫೋಲ್ಡರ್‌ನ (ರೋಮಿಂಗ್ ಪ್ರೊಫೈಲ್ ಇರುವುದು ಇದರಲ್ಲೇ) ಹೆಸರು ಬದಲಿಸಿ, ಹೊಸ ಪ್ರೊಫೈಲ್ ಆದ ಮೇಲೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮಾತ್ರ ಕಾಪಿ ಮಾಡಿದರೆ ಸಾಕೇ? ಯೂಸರ್ ಸೆಟ್ಟಿಂಗ್‌ಗಳಿರುವ ಎನ್‌ಟಿಯೂಸರ್ ಡ್ಯಾಟ್ ಫೈಲ್ ಮುಟ್ಟಬಾರದು ಅಂದುಕೊಂಡಿದ್ದೇನೆ. ಫೋಲ್ಡರ್‌ನ ಓನರ್ ಯಾರಿರಬೇಕು? ಡಾಕ್ಯುಮೆಂಟ್ಸ್‌ಗೆ ಫೋಲ್ಡರ್ ರಿಡೈರೆಕ್ಷನ್ ಹಾಕಿದರೆ (ಫೈಲ್‌ಗಳು ನೇರವಾಗಿ ಸರ್ವರ್‌ನಲ್ಲೇ ಉಳಿಯುವ ಹಾಗೆ ಮಾಡಿದರೆ) ಲಾಗಿನ್ ಕೂಡ ಬೇಗ ಆಗುತ್ತದೆಯೇ?

ಇಂಥ ಲ್ಯಾಬ್ ನಡೆಸಿದವರು ದಯವಿಟ್ಟು ಹೇಳಿ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯವರು ಯಾರಾದರೂ ಬಂದು ನೋಡುವುದಾದರೆ ಓಡಾಟದ ಖರ್ಚು ಕೊಡುತ್ತೇವೆ.