70 ವರ್ಷ ಅನ್ನ-ನೀರು ಇಲ್ಲದೆ ಬದುಕಿದರು ಎಂಬ ಸುದ್ದಿ: ಅಮ್ಮ ನಂಬಿದ್ದಾರೆ, ಏನು ಹೇಳಲಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ಅಮ್ಮನ ವಾಟ್ಸಾಪಿಗೆ ಒಂದು ಹಳೇ ಸುದ್ದಿ ಮತ್ತೆ ಬಂದಿದೆ. ಗುಜರಾತಿನ ಪ್ರಹ್ಲಾದ್ ಜಾನಿ ಎಂಬ ಸಾಧು 70 ವರ್ಷ ಅನ್ನ, ನೀರು ಮುಟ್ಟದೆ ಬದುಕಿದ್ದರಂತೆ. 2010ರಲ್ಲಿ ಆಸ್ಪತ್ರೆಯಲ್ಲಿ 15 ದಿನ ಇಟ್ಟು ನೋಡಿ ವೈದ್ಯರೇ ದಂಗಾದರಂತೆ. ಅಮ್ಮನಿಗೆ 62 ವರ್ಷ, ಶುಗರ್ ಮಾತ್ರೆ ನುಂಗುತ್ತಾರೆ. "ಅವರಿಗೆ 70 ವರ್ಷ ಆಗುತ್ತೆ, ನನಗೆ ಒಂದು ದಿನ ಆಗಲ್ವಾ" ಅಂತ ಈ ಸಲ ನಿರ್ಜಲ ಏಕಾದಶಿ ಮಾಡಲು ಹೊರಟಿದ್ದಾರೆ. ಪೇಪರಿನಲ್ಲೇ ಬಂದ ಸುದ್ದಿ. ನಂಬಬೇಕೋ ಬೇಡವೋ?

ಉತ್ತರ: ನಮಸ್ಕಾರ. ಒಳ್ಳೇ ಸಮಯಕ್ಕೆ ಕೇಳಿದಿರಿ.

ಮೊದಲು ಆ ಸುದ್ದಿಯಲ್ಲಿರುವ ಎರಡು ಸಂಖ್ಯೆಗಳನ್ನು ಬೇರೆ ಬೇರೆ ಮಾಡಿ. 70 ವರ್ಷ ಅನ್ನುವುದು ಅವರು ಹೇಳಿದ್ದು. 15 ದಿನ ಅನ್ನುವುದು ಬೇರೆಯವರು ನೋಡಿದ್ದು. ಶೀರ್ಷಿಕೆಯಲ್ಲಿ ಎರಡೂ ಅಕ್ಕಪಕ್ಕ ಕೂತಾಗ 70 ವರ್ಷವನ್ನೂ ಆಸ್ಪತ್ರೆ ಪರೀಕ್ಷಿಸಿದೆ ಅನ್ನಿಸಿಬಿಡುತ್ತದೆ. ಹಾಗೇನೂ ಆಗಿಲ್ಲ.

ಆಮೇಲೆ ಕ್ರಿಯಾಪದ ನೋಡಿ. "ಎನ್ನಲಾಗಿದೆ", "ಹೇಳಲಾಗುತ್ತಿದೆ" ಎಂದು ಇದ್ದಲ್ಲಿ ಬೆರಳಿಟ್ಟು ಕೇಳಿ: ಅಂದವರು ಯಾರು? ಇಂಥ ಸುದ್ದಿಯಲ್ಲಿ ಬಹುಪಾಲು ಉತ್ತರ ಆ ವ್ಯಕ್ತಿಯೇ, ಇಲ್ಲವೇ ಅವರ ಭಕ್ತರು. "ವೈದ್ಯಲೋಕಕ್ಕೇ ಸವಾಲು" ಅನ್ನುವ ಸಾಲಿನಲ್ಲಿ ಮಾಹಿತಿಯೇ ಇಲ್ಲ. ಯಾವ ವೈದ್ಯರು, ಏನನ್ನು ಅಳೆದರು, ಎಷ್ಟು ಬಂತು ಅಂತ ಇದ್ದರೆ ಅದು ಮಾಹಿತಿ.

ನಾನು ಮೊದಲು ಹುಡುಕುವುದು ತೂಕ. ಊಟಕ್ಕಿಂತ ಮುಂಚೆ ನೀರಿನ ಲೆಕ್ಕ ಹಾಕಬೇಕು. ಸುಮ್ನೆ ಮಲಗಿದ್ದರೂ ಉಸಿರು ಮತ್ತು ಚರ್ಮದ ಮೂಲಕ ದಿನಕ್ಕೆ ಸುಮಾರು 800 ಮಿಲಿಲೀಟರ್ ನೀರು ಹೋಗುತ್ತದೆ. ರಕ್ತದ ಕಸ ಹೊರಹಾಕಲು ಕಿಡ್ನಿಗೆ ಕಡಿಮೆ ಅಂದರೂ 500 ಮಿಲಿಲೀಟರ್ ಮೂತ್ರ ಬೇಕು. ದೇಹ ಒಳಗೇ ಮಾಡಿಕೊಳ್ಳುವ ನೀರು ಸುಮಾರು 300. ಅಂದರೆ ದಿನಕ್ಕೆ ಹತ್ತಿರಹತ್ತಿರ ಒಂದು ಲೀಟರ್ ಖೋತಾ, ಒಂದು ಕಿಲೋ ತೂಕ ಕಡಿಮೆ. ಜೊತೆಗೆ ರಕ್ತದಲ್ಲಿ ಯೂರಿಯಾ, ಸೋಡಿಯಂ ಏರುತ್ತವೆ. ನೀರೇ ಕುಡಿದಿಲ್ಲ ಎನ್ನುವ ವರದಿಯಲ್ಲಿ ದಿನದಿನದ ತೂಕ, ರಕ್ತ ಪರೀಕ್ಷೆಯ ಅಂಕಿ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಬಹುದು.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ಆದರೆ ಅದರಲ್ಲಿ ಡಿಆರ್‌ಡಿಒ (ರಕ್ಷಣಾ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳೂ ಇದ್ದರಲ್ಲ ಸರ್? ಕ್ಯಾಮೆರಾ ಹಾಕಿದ್ದರು. ಅಷ್ಟು ಸುಲಭವಾಗಿ ತಳ್ಳಿಹಾಕಬಹುದಾ?

ಉತ್ತರ: ಇದ್ದರು, ನಿಜ. ಅಹಮದಾಬಾದಿನಲ್ಲಿ ಆ ಪರೀಕ್ಷೆ ನಡೆಸಿದ್ದು ನರರೋಗ ತಜ್ಞ ಡಾ. ಸುಧೀರ್ ಶಾ ಅವರ ತಂಡ. ಡಿಆರ್‌ಡಿಒದ ಡಿಪಾಸ್ ಸಂಸ್ಥೆ ಕೈಜೋಡಿಸಿತ್ತು. ಅನ್ನ-ನೀರಿಲ್ಲದೆ ಸೈನಿಕರು ಬದುಕುವ ದಾರಿ ಸಿಗಬಹುದು ಅನ್ನುವ ಆಸೆ ಅವರದು. ತಳ್ಳಿಹಾಕುವುದು ಬೇಡ. ಕಾವಲು ಹೇಗಿತ್ತು ಅಂತ ಕೇಳೋಣ.

ಐದನೇ ದಿನದಿಂದ ಜಾನಿಯವರಿಗೆ ಬಾಯಿ ಮುಕ್ಕಳಿಸಲು, ಸ್ನಾನ ಮಾಡಲು ಬಿಟ್ಟಿದ್ದರು. ವಿಚಾರವಾದಿ ಸನಲ್ ಎಡಮರುಕು ಅವರು ಟಿವಿಯಲ್ಲಿ ಬಂದ ದೃಶ್ಯಗಳನ್ನೇ ನೋಡಿ, ಜಾನಿ ಕ್ಯಾಮೆರಾ ಕಣ್ಣಿನಿಂದ ಆಚೆ ಹೋಗುತ್ತಿದ್ದರು, ಭಕ್ತರನ್ನು ಭೇಟಿ ಮಾಡುತ್ತಿದ್ದರು, ಬಿಸಿಲು ಕಾಯಲು ಕೋಣೆಯಿಂದ ಹೊರಬರುತ್ತಿದ್ದರು ಎಂದು ತೋರಿಸಿದರು. ತಾವೇ ಬಂದು ಪರಿಶೀಲಿಸುತ್ತೇವೆ ಎಂದಾಗ ಒಪ್ಪಿಗೆ ಸಿಗಲಿಲ್ಲ. ಮೂತ್ರಕೋಶದಲ್ಲಿ ಮೂತ್ರ ಕಾಣಿಸಿಕೊಂಡು ಮತ್ತೆ ಹೀರಿಹೋಗುತ್ತದೆ ಎಂದು ತಂಡ ಹೇಳಿತು. ಮೂತ್ರ ಹಾಗೆ ರಕ್ತಕ್ಕೆ ವಾಪಸ್ ಹೋದರೆ ಕಸವೂ ವಾಪಸ್ ಹೋಗುತ್ತದೆ. ಅಂಥ ರೋಗಿಗಳು ನಮ್ಮ ಡಯಾಲಿಸಿಸ್ ವಾರ್ಡಿನಲ್ಲಿ ಇರುತ್ತಾರೆ, ಆರಾಮಾಗಿ ಕೂತು ಮಾತಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ಜಾನಿ 2020ರ ಮೇ ತಿಂಗಳಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಕಾವಲು ಸಡಿಲವೋ ಬಿಗಿಯೋ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ಗೊತ್ತಾಗಲು ಒಂದು ಹಳೇ ಪ್ರಕರಣ ಹೇಳಲೇಬೇಕು. ವೇಲ್ಸ್ ದೇಶದ ಸಾರಾ ಜೇಕಬ್ ಎಂಬ ಹುಡುಗಿ ಊಟವೇ ಮಾಡುವುದಿಲ್ಲ ಎಂದು 1869ರಲ್ಲಿ ಊರಿನ ಪಾದ್ರಿ ಪತ್ರಿಕೆಗೆ ಬರೆದರು. ಜನ ರೈಲು ಹತ್ತಿ ನೋಡಲು ಬಂದರು, ಕಾಣಿಕೆ ಇಟ್ಟು ಹೋದರು. ಊರಿನವರೇ ಎರಡು ವಾರ ಕಾವಲು ಕೂತರು. ಹುಡುಗಿ ಚೆನ್ನಾಗಿಯೇ ಇದ್ದಳು, ಪತ್ರಿಕೆಗಳಿಗೆ ಮತ್ತಷ್ಟು ಸುದ್ದಿ. ಡಿಸೆಂಬರಿನಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಿಂದ ನಾಲ್ವರು ನರ್ಸ್‌ಗಳು ಬಂದು ಹಾಸಿಗೆಯ ಪಕ್ಕದಲ್ಲೇ ಕೂತರು. ಈಗ ಯಾರೂ ಕದ್ದು ಏನೂ ಕೊಡುವಂತಿರಲಿಲ್ಲ. ಎಂಟನೇ ದಿನ ಅವಳು ಸತ್ತಳು. 12 ವರ್ಷದ ಮಗು. ಸೊರಗುತ್ತಿರುವುದು ಎಲ್ಲರಿಗೂ ಕಾಣುತ್ತಿತ್ತು, ಆದರೂ ಅಪ್ಪ-ಅಮ್ಮ ಕಾವಲು ನಿಲ್ಲಿಸಲಿಲ್ಲ. ಅವರಿಬ್ಬರಿಗೂ ಜೈಲಾಯಿತು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ಮೂರನೆಯವರು): ನಮ್ಮ ಬೀದಿಯ ಜೈನರ ಮನೆಯಲ್ಲಿ 30 ದಿನ ಉಪವಾಸ ಮಾಡಿದರು. ನಾನೇ ನೋಡಿದ್ದೇನೆ. ಅದೂ ಸುಳ್ಳಾ?

ಉತ್ತರ: ಇಲ್ಲ, ಖಂಡಿತ ಸುಳ್ಳಲ್ಲ. ಅದು ಮಾಸಕ್ಷಮಣ. ಕಾಯಿಸಿ ಆರಿಸಿದ ನೀರು ಕುಡಿಯುತ್ತಾರೆ, ಅದೂ ಹಗಲು ಮಾತ್ರ. ನೀರು ಇದ್ದರೆ ಲೆಕ್ಕವೇ ಬೇರೆ, ಕೊಬ್ಬು ಕರಗಿಸಿಕೊಂಡು ದೇಹ ವಾರಗಟ್ಟಲೆ ತಳ್ಳುತ್ತದೆ. ಲಾಹೋರ್ ಜೈಲಿನಲ್ಲಿ ಸ್ವಾತಂತ್ರ್ಯ ಹೋರಾಟಗಾರ ಜತೀಂದ್ರನಾಥ ದಾಸ್ 63 ದಿನ ಉಪವಾಸ ಮಾಡಿ 1929ರಲ್ಲಿ ತೀರಿಕೊಂಡರು. ಸ್ಕಾಟ್ಲೆಂಡಿನ ಆಂಗಸ್ ಬಾರ್ಬಿಯೇರಿ 1965-66ರಲ್ಲಿ 382 ದಿನ ಊಟ ಬಿಟ್ಟಿದ್ದರು. ಆದರೆ ಅವರ ತೂಕ ಶುರುವಿನಲ್ಲಿ 207 ಕಿಲೋ. ನೀರು, ವಿಟಮಿನ್, ಪೊಟ್ಯಾಸಿಯಂ ಎಲ್ಲ ಕೊಡುತ್ತಿದ್ದರು. ಕೊನೆಗೆ 82 ಕಿಲೋಗೆ ಇಳಿದರು. ಅಂಕಿಗಳೆಲ್ಲ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿವೆ. ಅಸಾಧಾರಣ, ಆದರೆ ನಂಬುತ್ತೇನೆ, ಯಾಕೆಂದರೆ ಕೂಡಿ ಕಳೆದರೆ ಲೆಕ್ಕ ಸರಿಬರುತ್ತದೆ.

ನಿಜವಾದ ಉಪವಾಸ ಅಂದಮಾತ್ರಕ್ಕೆ ಅಪಾಯವಿಲ್ಲ ಅಂತಲ್ಲ. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಹುಡುಗಿಯೊಬ್ಬಳು 68 ದಿನ ಉಪವಾಸ ಮುಗಿಸಿದ ಮೇಲೆ ತೀರಿಕೊಂಡಳು.

ಪ್ರಶ್ನೆ (ಮೊದಲು ಕೇಳಿದವರು): ಥ್ಯಾಂಕ್ಸ್ ಡಾಕ್ಟ್ರೇ. ಆದರೆ ಅಮ್ಮನಿಗೆ ಇದೆಲ್ಲ ಹೇಳಿದರೆ "ದೇವರ ವಿಷಯದಲ್ಲಿ ತರ್ಕ ಬೇಡ" ಅಂತಾರೆ.

ಉತ್ತರ: ಸಾಧುಗಳ ವಿಷಯ ಎತ್ತಲೇಬೇಡಿ. ಅಮ್ಮನ ಭಕ್ತಿಗೂ ನಮಗೂ ಜಗಳವಿಲ್ಲ, ಅಲ್ವಾ? ಮಾತ್ರೆಯ ವಿಷಯ ಮಾತಾಡಿ. ಶುಗರ್ ಮಾತ್ರೆ ನುಂಗಿ ಊಟ ಬಿಟ್ಟರೆ ಶುಗರ್ ದಿಢೀರ್ ಇಳಿಯಬಹುದು. ಮೂತ್ರದಲ್ಲಿ ಶುಗರ್ ಹೊರಹಾಕುವ ಮಾತ್ರೆಗಳಿವೆ, ಅವು ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತವೆ.

ನಿರ್ಜಲ ಉಪವಾಸದ ಮಾರನೇ ದಿನ ಬಂದ ಒಬ್ಬ ಅಜ್ಜಿಯನ್ನು ನಾನು ಮರೆತಿಲ್ಲ. ನಾಲಿಗೆ ಉಪ್ಪುಕಾಗದದ ಹಾಗಿತ್ತು. ಕೈಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. "ಒಂದೇ ದಿನ ಅಲ್ವಾ ಡಾಕ್ಟ್ರೇ" ಅಂದರು ಮಗ. ಮೂರು ಬಾಟಲಿ ಡ್ರಿಪ್ ಹೋದ ಮೇಲೆ ಅಜ್ಜಿ ಕಣ್ಣು ಬಿಟ್ಟು ಮಾತಾಡಿದರು.

ಹಾಲು, ಹಣ್ಣು ತಗೊಂಡು ಏಕಾದಶಿ ಮಾಡುವವರು ಎಷ್ಟೋ ಜನ ಇದ್ದಾರೆ. ಅಮ್ಮ ಗೌರವಿಸುವ ಆಚಾರ್ಯರು ಯಾರಾದರೂ ಇದ್ದರೆ ಅವರ ಬಾಯಿಂದಲೇ ಹೇಳಿಸಿ. ಕಾಯಿಲೆಯವರಿಗೆ ವಿನಾಯಿತಿ ಇದೆ ಅಂತ ಅವರೇ ಹೇಳುತ್ತಾರೆ. ಇವತ್ತು ರಾತ್ರಿ ಅಮ್ಮನ ಮಾತ್ರೆಗಳ ಹೆಸರು, ಕಡೇ ಸಲದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತ ಪರೀಕ್ಷೆ) ಎಷ್ಟಿತ್ತು ಅಂತ ನನಗೆ ಬರೆದು ಕಳಿಸಿ, ಗುಂಪಿನಲ್ಲಿ ಹಾಕಬೇಡಿ. ಏಕಾದಶಿಗೆ ಇನ್ನೂ ಎಂಟು ದಿನ ಇದೆ.