ಥಿನ್ ಮ್ಯಾನ್ ಐದನೇ ಪಾರ್ಟು: ಸೈಡರ್ ಕುಡಿಯೋ ನಿಕ್ ಯಾರಿಗ್ ಬೇಕು?

ಹಳೇರೀಲು: ನಿನ್ನೆ ರಾತ್ರಿ ‘ದ ಥಿನ್ ಮ್ಯಾನ್ ಗೋಸ್ ಹೋಮ್’ (1945) ನೋಡ್ದೆ. ಮೊದಲ ನಾಕೂ ಪಾರ್ಟು ತೆಗೆದಿದ್ದ ಡೈರೆಕ್ಟರ್ ವ್ಯಾನ್ ಡೈಕ್ 1943ರಲ್ಲೇ ತೀರ್ಕೊಂಡ್ರು, ಇಲ್ಲಿ ರಿಚರ್ಡ್ ಥಾರ್ಪ್ ಬಂದ್ರು, ಮಜಾ ಹೋಯ್ತು. ಗ್ಲಾಸ್ ಕೆಳಗಿಡದ ಪತ್ತೇದಾರ ನಿಕ್ ಚಾರ್ಲ್ಸ್ ಅಪ್ಪನ ಊರಿಗ್ ಹೋಗಿ ಸೈಡರ್, ಅಂದ್ರೆ ಮತ್ತೇರದ ಸೇಬಿನ ರಸ, ಕುಡ್ಕೊಂಡ್ ಕೂತ್ರೆ ಅದು ಉಪ್ಪಿಲ್ಲದ ಸಾರು.

ಪದ್ಮ_ಮೈಸೂರು: ಸೈಡರ್ ಅಂತ ಮೂಗು ಮುರೀಬೇಡಿ, ಕಾಮಿಡಿ ಇರೋದೇ ಅಲ್ಲಿ. ಡಾಕ್ಟರ್ ಅಪ್ಪಂಗೆ ಮಗನ ಕುಡಿತ ಕಂಡ್ರಾಗಲ್ಲ, ಅದಕ್ಕೇ ಇವ್ನು ಸಾಚಾ ಆಗಿದಾನೆ. ಯುದ್ಧದ ಟೈಮು, ರೈಲಲ್ಲಿ ಕಾಲಿಡಕ್ಕೆ ಜಾಗ ಇಲ್ಲ, ನಾಯಿ ಆಸ್ಟಾನ ಎತ್ಕೊಂಡು ಜನರ ಮಧ್ಯೆ ತೂರ್ಕೊಂಡು ಗಂಡ ಹೆಂಡ್ತಿ ಲಗೇಜ್ ಡಬ್ಬಿ ಸೇರೋ ಸೀನ್ ಒಂದೇ ಸಾಕು. ನಿಕ್ ಹೆಂಡ್ತಿ ಪಾತ್ರದ ಮರ್ನಾ ಲಾಯ್ ರೆಡ್ ಕ್ರಾಸ್ ಕೆಲ್ಸದ ಮಧ್ಯೆ ಬಂದು ಮಾಡಿದ ಪಿಕ್ಚರ್ ಕಣ್ರೀ ಇದು.

ತರ್ಲೆ_ತಮ್ಮಯ್ಯ: ಅದಿರ್ಲಿ, ‘ಥಿನ್ ಮ್ಯಾನ್ ಮನೆಗ್ ಹೋಗ್ತಾನೆ’ ಅನ್ನೋ ಹೆಸರೇ ತಪ್ಪು. ಥಿನ್ ಮ್ಯಾನ್ ನಿಕ್ ಅಲ್ಲ ಗುರೂ, 1934ರ ಮೊದಲನೇದ್ರಲ್ಲಿ ಕಾಣೆಯಾಗೋ ವೈನಂಟು. ಅವ್ನು ಅಲ್ಲೇ ಅಸ್ಥಿಪಂಜರ ಆಗಿ ಸಿಕ್ದ, ಇನ್ನೆಲ್ಲಿ ಮನೆಗ್ ಹೋಗ್ತಾನೆ?

ಕಾಫಿಪುಡಿ: ಅಯ್ಯೋ ನಾನು ಮೊದಲನೇದು ಅರ್ಧ ನೋಡಿಟ್ಟಿದ್ದೆ!! ಸ್ಪಾಯ್ಲರ್ ಅಂತ ಒಂದ್ ಮಾತು ಹಾಕಕ್ಕೇನ್ ರೋಗ?

ತರ್ಲೆ_ತಮ್ಮಯ್ಯ: 1934ರ ಪಿಕ್ಚರ್‌ಗೆ ಸ್ಪಾಯ್ಲರ್ರಾ, ರಾವಣ ಸಾಯ್ತಾನೆ ಅಂತ ಹೇಳಕ್ಕೂ ನಿಮ್ಮ ಪರ್ಮಿಷನ್ ತಗೋಬೇಕಾ?

ಕಾಫಿಪುಡಿ: ರಾಮಾಯಣ ಯಾರೂ ಕೊಲೆಗಾರನ್ನ ಹುಡುಕಕ್ಕೆ ಓದಲ್ಲ ಸ್ವಾಮಿ.

ಹಳೇರೀಲು: ‘ಹೆಸರೇ ತಪ್ಪು’ ಅಂದ್ರಲ್ಲ, ಎರಡನೇದ್ರಿಂದ್ಲೇ ಆ ಹೆಸರು ನಿಕ್‌ಗೆ ಅಂಟ್ಕೊಂಡಿದೆ. 1936ರಲ್ಲಿ ‘ಆಫ್ಟರ್ ದ ಥಿನ್ ಮ್ಯಾನ್’, 1939ರಲ್ಲಿ ‘ಅನದರ್ ಥಿನ್ ಮ್ಯಾನ್’, 1941ರಲ್ಲಿ ‘ಶ್ಯಾಡೋ ಆಫ್ ದ ಥಿನ್ ಮ್ಯಾನ್’. ಎಲ್ಲ ಸತ್ತವನ ಪಿಕ್ಚರ್ರಾ?

ತರ್ಲೆ_ತಮ್ಮಯ್ಯ: ಸ್ಟುಡಿಯೋದವ್ರು ಟಿಕೆಟ್ ಮಾರಕ್ಕೆ ಇಟ್ಟ ಹೆಸರು. ಮೊದಲನೇದ್ರಲ್ಲಿ ಪೊಲೀಸ್ರೇ ಅಸ್ಥಿಪಂಜರದ ಜೊತೆ ಸಿಕ್ಕ ದೊಡ್ಡ ಬಟ್ಟೆ ನೋಡಿ ಸತ್ತವ್ನು ದಪ್ಪಗಿದ್ದ ಅಂದ್ಕೊಂಡ್ರು, ಕಾಲಲ್ಲಿದ್ದ ಲೋಹದ ಚೂರು ನೋಡಿ ತೆಳ್ಳನೆಯವನು ಯಾರು ಅಂತ ನಿಕ್ ಹಿಡಿದಿದ್ದು

ಕಾಫಿಪುಡಿ: ಮತ್ತೆ ಹೇಳ್ಬಿಟ್ರು!!! ಅಡ್ಮಿನ್ ಎಲ್ಲಿ ಸತ್ರು?

ಪದ್ಮ_ಮೈಸೂರು: ಇಲ್ಲಿ ಐದನೇದ್ರ ಮಾತು ನಡೀತಿತ್ತು. ಹಳೇರೀಲು ಅವ್ರೇ, ವ್ಯಾನ್ ಡೈಕ್ ಇದ್ದಿದ್ರೂ ಸೈಡರೇ ಕುಡಿಸ್ತಿದ್ರು.

ಹಳೇರೀಲು: ‘ಇದ್ದಿದ್ರೂ’ ಅನ್ನೋದೆಲ್ಲ ಪುರಾವೆ ಅಲ್ಲ ಮೇಡಂ.

ಪದ್ಮ_ಮೈಸೂರು: ನಿಮ್ಮ ಉಪ್ಪಿಲ್ಲದ ಸಾರು ಪುರಾವೆನಾ?

ಕಾಫಿಪುಡಿ: ನಾನು ನೇರ ಆರನೇದು ನೋಡ್ತೀನಿ, 1947ರದ್ದು. ದಯವಿಟ್ಟು ಯಾರೂ ಬಾಯ್ಬಿಡ್ಬೇಡಿ.

ತರ್ಲೆ_ತಮ್ಮಯ್ಯ: ಜೂಜಿನ ಹಡಗಲ್ಲಿ ಬ್ಯಾಂಡ್‌ನವನ ಕೊಲೆ ಆಗತ್ತಲ್ಲ, ಅದಾ?